ಹಳೆ ವಿಳಾಸದ ಸಾಕ್ಷಿ

2017ರ ಅಕ್ಟೋಬರ್ ಕೊನೆಯ ವಾರ ಅಮೆರಿಕದ ಅಂಚೆ ಇಲಾಖೆಗೆ ಒಂದು ಅರ್ಜಿ ಬಂತು. ಮನೆ ಬದಲಾಯಿಸುವವರೆಲ್ಲ ತುಂಬಿ ಕೊಡುವ ಸಾಮಾನ್ಯ ಅರ್ಜಿ, ಅದರ ನಂಬರ್ 3575. ಇಷ್ಟು ದಿನ ಈ ವಿಳಾಸದಲ್ಲಿದ್ದೆ, ಇನ್ನು ಮುಂದೆ ನನ್ನ ಟಪಾಲನ್ನು ಆ ವಿಳಾಸಕ್ಕೆ ಕಳಿಸಿ ಎಂಬುದಷ್ಟೇ ಅದರ ಸಾರ. ಹಳೆಯ ವಿಳಾಸದ ಜಾಗದಲ್ಲಿ ಬರೆದಿದ್ದದ್ದು ಅಟ್ಲಾಂಟಾ ನಗರದಲ್ಲಿರುವ ಯುಪಿಎಸ್ ಕಂಪನಿಯ ಮುಖ್ಯ ಕಚೇರಿಯ ವಿಳಾಸ. ಜಗತ್ತಿನ ಉದ್ದಗಲಕ್ಕೂ ಪಾರ್ಸೆಲ್ ಸಾಗಿಸುವ ಕಂಪನಿ ಅದು. ಹೊಸ ವಿಳಾಸ ಶಿಕಾಗೋದ ಉತ್ತರ ತುದಿಯ ರೋಜರ್ಸ್ ಪಾರ್ಕ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನದು. ಸಹಿಯ ಜಾಗದಲ್ಲಿ ಮೊದಲು 'ಎಚ್‌ಎಸ್' ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಯುಪಿಎಸ್' ಎಂದು ಬರೆಯಲಾಗಿತ್ತು.

ಇಲಾಖೆ ಅರ್ಜಿಯನ್ನು ಮನ್ನಿಸಿತು. ಅಟ್ಲಾಂಟಾದ ಕಚೇರಿಗೆ ಹೋಗಬೇಕಿದ್ದ ಕಾಗದಗಳು ಶಿಕಾಗೋದ ಅಪಾರ್ಟ್‌ಮೆಂಟಿಗೆ ಬರತೊಡಗಿದವು. ಲೆಟರ್ ಬಾಕ್ಸಿನಲ್ಲಿ ಜಾಗ ಸಾಲದೆ ಪೋಸ್ಟ್‌ಮನ್ ಅವನ್ನೆಲ್ಲ ಇಲಾಖೆಯ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿ ಬಾಗಿಲ ಬಳಿ ಇಟ್ಟು ಹೋಗಬೇಕಾಯಿತು. ಅವುಗಳಲ್ಲಿ ಕಂಪನಿಯ ನೌಕರರ ಹೆಸರಿನ ಕ್ರೆಡಿಟ್ ಕಾರ್ಡುಗಳಿದ್ದವು, ಕಂಪನಿಗೆ ಬರಬೇಕಿದ್ದ ಚೆಕ್ಕುಗಳಿದ್ದವು. ಸುಮಾರು 58,000 ಡಾಲರ್ ಮೌಲ್ಯದ ಚೆಕ್ಕುಗಳು ಬೇರೊಬ್ಬರ ಬ್ಯಾಂಕ್ ಖಾತೆಗೆ ಜಮಾ ಆಗಿವೆ ಎಂಬುದು ಮುಂದೆ ತನಿಖಾಧಿಕಾರಿಗಳು ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿತ್ತು. ಯುಪಿಎಸ್ ಸಿಬ್ಬಂದಿ ಎಚ್ಚೆತ್ತು ಅಂಚೆ ಇಲಾಖೆಯ ಇನ್‌ಸ್ಪೆಕ್ಟರುಗಳಿಗೆ ತಿಳಿಸಿದ್ದು 2018ರ ಜನವರಿಯಲ್ಲಿ. ಅಷ್ಟರಲ್ಲಿ ಸುಮಾರು ಮೂರು ತಿಂಗಳು ಕಳೆದಿತ್ತು.

ಸಾವಿರಾರು ನೌಕರರು, ಕಾವಲುಗಾರರು, ವಕೀಲರು ಇರುವ ಸಂಸ್ಥೆಗೇ ಇದನ್ನು ಕಂಡುಹಿಡಿಯಲು ಮೂರು ತಿಂಗಳು ಬೇಕಾಯಿತು. ಹಾಗಾದರೆ ಒಂಟಿಯಾಗಿ ಬದುಕುವ ಒಬ್ಬ ವೃದ್ಧೆಗೆ ಎಷ್ಟು ದಿನ ಬೇಕಾದೀತು? ಗುರುತಿನ ಕಳ್ಳತನ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಕಂಪ್ಯೂಟರಿನ ಮುಂದೆ ಕುಳಿತ ಹ್ಯಾಕರ್. ಆದರೆ ಆ ಕಳ್ಳತನದ ಒಂದು ಹಳೆಯ, ಇಂದಿಗೂ ಸವೆಯದ ದಾರಿ ಇರುವುದು ಅಂಚೆಯ ಅರ್ಜಿಯಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಒಂದು ಕಾಗದ ಹೇಗೆ ದಾರಿ ಬದಲಿಸುತ್ತದೆ ಎಂಬುದನ್ನು ನೋಡಬೇಕು.

ನಮ್ಮ ಊರುಗಳಲ್ಲಿ ರೀಡೈರೆಕ್ಟ್ ಮಾಡುವುದೆಂದರೆ ಪೋಸ್ಟ್‌ಮನ್ ಹಳೆಯ ವಿಳಾಸವನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯುವುದು. ಅವನಿಗೆ ಆ ಮನೆಯವರು ಗೊತ್ತು. ಗೊತ್ತಿಲ್ಲದಿದ್ದರೆ ಎದುರುಮನೆಯವರನ್ನು ಕೇಳುತ್ತಾನೆ. ಅಮೆರಿಕದ ಅಂಚೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೀರಿದ ಕಾಗದ, ಪಾರ್ಸೆಲ್‌ಗಳನ್ನು ಸಾಗಿಸುತ್ತದೆ. ಅಲ್ಲಿ ಲಕೋಟೆಯ ಮೇಲಿನ ವಿಳಾಸವನ್ನು ಮೊದಲು ಓದುವುದು ಕ್ಯಾಮೆರಾ. ಓದಿದ್ದನ್ನು ಅದು ಅಂಕಿಗಳಾಗಿ ಬದಲಿಸುತ್ತದೆ. ನಮ್ಮ ಪಿನ್‌ಕೋಡಿನಂತೆ ಅಲ್ಲಿನ ಐದಂಕಿಯ ಜಿಪ್‌ಕೋಡ್ ಒಂದು ಊರನ್ನೋ ಬಡಾವಣೆಯನ್ನೋ ಸೂಚಿಸುತ್ತದೆ. ಅದಕ್ಕೆ ಇನ್ನು ನಾಲ್ಕು ಅಂಕಿ ಸೇರಿದರೆ ಬೀದಿಯ ಒಂದು ಬದಿ ಅಥವಾ ಒಂದು ಕಟ್ಟಡ ಸಿಗುತ್ತದೆ. ಇನ್ನೆರಡು ಸೇರಿದರೆ ಒಂದೇ ಒಂದು ಲೆಟರ್ ಬಾಕ್ಸು. ಆ ಕೊನೆಯ ಎರಡು ಅಂಕಿ ಸಾಮಾನ್ಯವಾಗಿ ಮನೆ ನಂಬರಿನ ಕೊನೆಯ ಎರಡು ಅಂಕಿಗಳೇ ಆಗಿರುತ್ತವೆ. ಈ ಹನ್ನೊಂದು ಅಂಕಿಗಳನ್ನು ಒಳಗೊಂಡ 65 ಸಣ್ಣ ಗೀರುಗಳ ಬಾರ್‌ಕೋಡ್ ಲಕೋಟೆಯ ಮೇಲೆ ಅಚ್ಚಾಗುತ್ತದೆ. ಗೀರುಗಳಲ್ಲಿ ನಾಲ್ಕೇ ಬಗೆ: ಮೇಲಕ್ಕೆ ಚಾಚಿದ್ದು, ಕೆಳಕ್ಕೆ ಚಾಚಿದ್ದು, ಎರಡೂ ಕಡೆ ಚಾಚಿದ್ದು, ಎತ್ತಲೂ ಚಾಚದ್ದು. ಮುಂದಿನ ಯಂತ್ರಗಳು ಬೀದಿಯ ಹೆಸರನ್ನು ಓದಲು ಹೋಗುವುದಿಲ್ಲ, ಈ ಗೀರುಗಳನ್ನಷ್ಟೇ ಓದುತ್ತವೆ. ಕ್ಯಾಮೆರಾಗೆ ಅರ್ಥವಾಗದ ಕೈಬರಹವಿದ್ದರೆ ಅದರ ಚಿತ್ರ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಮನುಷ್ಯರು ಪರದೆ ನೋಡಿ, ಓದಿ, ಟೈಪ್ ಮಾಡಿ ಕಳಿಸುತ್ತಾರೆ.

ವಿಳಾಸ ಬದಲಾವಣೆಯ ಅರ್ಜಿ ಒಪ್ಪಿತವಾದರೆ ಈ ಸರಪಳಿಯ ಮೊದಲ ಕೊಂಡಿಯಲ್ಲೇ ಕೆಲಸ ಮಾಡುತ್ತದೆ. ಹೆಸರು ಮತ್ತು ವಿಳಾಸ ಎರಡೂ ಒಪ್ಪಿತವಾದ ಅರ್ಜಿಗಳ ಪಟ್ಟಿಗೆ ತಾಳೆಯಾದರೆ ಯಂತ್ರ ಆ ಕಾಗದವನ್ನು ಅಲ್ಲೇ ಬದಿಗೆ ಸರಿಸಿ, ಹೊಸ ವಿಳಾಸದ ಹಳದಿ ಚೀಟಿ ಅಂಟಿಸಿ, ಬೇರೆ ದಾರಿ ಹಿಡಿಸುತ್ತದೆ. ಹಳೆಯ ಬೀದಿಯ ಪೋಸ್ಟ್‌ಮನ್ ಕೈಗೆ ಅದು ಬರುವುದೇ ಇಲ್ಲ. ಸಂಶಯಪಡಬಹುದಾಗಿದ್ದ, ಮನೆಯವರ ಮುಖ ನೋಡಿದ್ದ ಒಬ್ಬ ಮನುಷ್ಯ ಈ ವ್ಯವಸ್ಥೆಯಿಂದ ಹೊರಬಿದ್ದದ್ದು ಹೀಗೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮ ಇರುವುದು ಇಲ್ಲೇ. ವೇಗ ಬಂತು, ಖರ್ಚು ಉಳಿಯಿತು; ಆದರೆ ಆ ಪೋಸ್ಟ್‌ಮನ್ ಸಂಬಳವಿಲ್ಲದೆ ಮಾಡುತ್ತಿದ್ದ ಒಂದು ಕೆಲಸ ಯಾರ ಪಾಲಿಗೂ ಬರದೆ ಉಳಿಯಿತು.

ಅರ್ಜಿಯ ಪ್ರಭಾವ ಅಂಚೆಯಲ್ಲೇ ನಿಲ್ಲುವುದಿಲ್ಲ. ಶಾಶ್ವತ ಬದಲಾವಣೆಗಳೆಲ್ಲ ಒಂದು ರಾಷ್ಟ್ರೀಯ ಪಟ್ಟಿ ಸೇರುತ್ತವೆ. ನಾಲ್ಕು ವರ್ಷಗಳ ಬದಲಾವಣೆಗಳನ್ನು ಹಿಡಿದಿಡುವ, ಸುಮಾರು 16 ಕೋಟಿ ದಾಖಲೆಗಳ ಪಟ್ಟಿ ಅದು. ದೊಡ್ಡ ಪ್ರಮಾಣದಲ್ಲಿ ಟಪಾಲು ಕಳಿಸುವ ಕಂಪನಿಗಳು ತಮ್ಮಲ್ಲಿರುವ ಹೆಸರು, ವಿಳಾಸಗಳನ್ನು ಪರವಾನಗಿ ಪಡೆದ ಸಂಸ್ಥೆಗಳ ಮೂಲಕ ಇದರೊಂದಿಗೆ ತಾಳೆ ಹಾಕಿ ತಿದ್ದಿಕೊಳ್ಳುತ್ತವೆ. ಅಂದರೆ ಒಮ್ಮೆ ನುಸುಳಿದ ಸುಳ್ಳು ವಿಳಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನಾಗಿಯೇ ಹಬ್ಬಬಲ್ಲದು. ಆಮೇಲೆ ಯಾರಾದರೂ ಪರಿಶೀಲಿಸಲು ಹೊರಟರೆ ನಾಲ್ಕು ಕಡೆ ಒಂದೇ ವಿಳಾಸ ಕಂಡು, ನಾಲ್ಕು ಸಾಕ್ಷಿ ಸಿಕ್ಕಂತೆ ತೋರುತ್ತದೆ. ಆದರೆ ಆ ನಾಲ್ಕೂ ಒಂದೇ ಅರ್ಜಿಯ ಮಕ್ಕಳು.

ಕಳ್ಳನಿಗೆ ಇದರಿಂದ ಏನು ಲಾಭ? ಚೆಕ್ಕು, ಹೊಸ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ಪತ್ರ ಇವೆಲ್ಲ ಕೈಗೆ ಸಿಗುತ್ತವೆ ಎಂಬುದು ಮೇಲುನೋಟಕ್ಕೇ ಕಾಣುವ ಉತ್ತರ. ಅದಕ್ಕಿಂತ ದೊಡ್ಡ ಲಾಭ ಮೌನ. ನಿಮ್ಮ ಹೆಸರಿನಲ್ಲಿ ಹೊಸ ಸಾಲ ತೆಗೆದರೆ ಬ್ಯಾಂಕು ನಿಮಗೆ ಕಾಗದ ಬರೆಯುತ್ತದೆ. ಕಂತು ಕಟ್ಟದಿದ್ದರೆ ನೋಟಿಸು ಕಳಿಸುತ್ತದೆ. ಆ ಎಚ್ಚರಿಕೆಗಳೆಲ್ಲ ಈಗ ಕಳ್ಳನ ಮನೆಗೇ ಹೋಗುತ್ತವೆ. ನಿಮಗೆ ಕಾಣುವುದು ಏನೂ ಬಾರದಿರುವುದು ಮಾತ್ರ.

ಬಾರದಿರುವುದನ್ನು ಗಮನಿಸುವುದು ಮನುಷ್ಯನ ಮಿದುಳಿಗೆ ಕಷ್ಟ. ಹೊಸ ಸದ್ದಾದರೆ ತಟ್ಟನೆ ತಿರುಗಿ ನೋಡುತ್ತೇವೆ. ದಿನವೂ ಇದ್ದ ಸದ್ದು ನಿಂತರೆ ಬಹಳ ಹೊತ್ತಿನವರೆಗೆ ಅರಿವಿಗೇ ಬರುವುದಿಲ್ಲ. ಅದರಲ್ಲೂ ಟಪಾಲು ಅನಿಯಮಿತ. ಎರಡು ದಿನ ಏನೂ ಬರದಿದ್ದರೆ ಬಂದಿಲ್ಲ ಎಂದುಕೊಳ್ಳುತ್ತೇವೆ, ವಾರ ಕಳೆದರೆ ಈಗೆಲ್ಲ ಇಮೇಲೇ ಅಲ್ಲವೇ ಎಂದುಕೊಳ್ಳುತ್ತೇವೆ. ತಿಂಗಳ ಇಂಥ ತಾರೀಕಿಗೆ ಕ್ರೆಡಿಟ್ ಕಾರ್ಡಿನ ಬಿಲ್ಲು ಬರಬೇಕು ಎಂದು ಗುರುತು ಹಾಕಿಕೊಂಡವರಿಗೆ ಮಾತ್ರ ಅದು ಬಾರದ ದಿನ ಅನುಮಾನ ಹುಟ್ಟುತ್ತದೆ. ಕಾಯುವವರಿಗಷ್ಟೇ ಗೈರುಹಾಜರಿ ಕಾಣುತ್ತದೆ. ಬಿಲ್ಲಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ ಎಂದು ಹಿರಿಯರಿಗೆ ಹೇಳುವುದು ಹಳೇಕಾಲದ ಸಲಹೆಯಂತೆ ಕಂಡರೂ ಅದರ ಹಿಂದಿರುವ ಲೆಕ್ಕಾಚಾರ ಗಟ್ಟಿಯಾದದ್ದು.

ಇನ್ನು, ಅರ್ಜಿ ಹಾಕಿದವರು ನಿಜವಾಗಿ ಆ ವ್ಯಕ್ತಿಯೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಕಾಗದದ ಅರ್ಜಿಗೆ ಬಹುಕಾಲ ಸಹಿಯೊಂದೇ ಸಾಕಾಗಿತ್ತು. ಸುಳ್ಳು ಹೇಳಿದರೆ ಶಿಕ್ಷೆಯಿದೆ ಎಂಬ ಎಚ್ಚರಿಕೆ ಅದರ ಮೇಲೆ ಅಚ್ಚಾಗಿತ್ತು. ಆನ್‌ಲೈನ್ ಅರ್ಜಿಗೆ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಿಂದ ಒಂದು ಡಾಲರಿಗಿಂತ ಚೂರು ಹೆಚ್ಚು ಶುಲ್ಕ ಕಟ್ಟಬೇಕು. ಇಲಾಖೆಗೆ ಆದಾಯ ತರಲೆಂದು ಇಟ್ಟ ಶುಲ್ಕವಲ್ಲ ಅದು, ಕಾರ್ಡಿನ ವಿಳಾಸದ ಮೂಲಕ ಗುರುತು ಪರೀಕ್ಷಿಸುವ ಉಪಾಯ. ಕದ್ದ ಕಾರ್ಡಿನ ವಿವರ ಹಿಡಿದು ಕೂತವನಿಗೆ ಅದೆಷ್ಟರ ತಡೆ? ಅಂಚೆ ಇಲಾಖೆಯ ಮೇಲೆ ಕಣ್ಣಿಡುವ ಸ್ವತಂತ್ರ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2022ರಲ್ಲಿ ಕೊಟ್ಟ ವರದಿ ಈ ಪರೀಕ್ಷೆ ಸಾಲದು ಎಂದು ನೇರವಾಗಿ ಹೇಳಿತು. ವಿಳಾಸ ಬದಲಾವಣೆಗೆ ಅಂಟಿದ ಗುರುತಿನ ಕಳ್ಳತನದ ದೂರುಗಳು 2020ರಿಂದ 2021ಕ್ಕೆ ಎರಡೂವರೆ ಪಟ್ಟು ಮೀರಿ ಹೆಚ್ಚಿ, ಸುಮಾರು 23,600 ಮುಟ್ಟಿದ್ದವು. 2023ರ ಮೇ ಕೊನೆಯಿಂದ ನಿಯಮ ಬಿಗಿಯಾಯಿತು. ಆನ್‌ಲೈನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಗುರುತಿನ ಚೀಟಿ ಹಿಡಿದು ಅಂಚೆ ಕಚೇರಿಗೇ ಹೋಗಬೇಕು.

ಅಮೆರಿಕದ ಗುರುತಿನ ವ್ಯವಸ್ಥೆಯಲ್ಲಿ ಇದಕ್ಕೂ ಆಳದ ಒಂದು ಬಿರುಕಿದೆ. 1936ರಲ್ಲಿ ಪಿಂಚಣಿ ಲೆಕ್ಕಕ್ಕೆಂದು ಹುಟ್ಟಿದ ಒಂಬತ್ತಂಕಿಯ ಸೋಷಿಯಲ್ ಸೆಕ್ಯುರಿಟಿ ನಂಬರ್ ಕಾಲಕ್ರಮೇಣ ಎರಡು ಕೆಲಸಗಳನ್ನು ಹೊತ್ತುಕೊಂಡಿತು. ಇವರು ಯಾರು ಎಂದು ಹೇಳುವುದೂ ಅದೇ. ಹೇಳುತ್ತಿರುವವರು ಅವರೇ ಎಂದು ಸಾಬೀತು ಮಾಡುವುದೂ ಅದೇ. ಮೊದಲನೆಯ ಕೆಲಸಕ್ಕೆ ನಂಬರು ಹತ್ತಾರು ಕಚೇರಿಗಳಿಗೆ ಗೊತ್ತಿರಬೇಕು, ಎರಡನೆಯದಕ್ಕೆ ಯಾರಿಗೂ ಗೊತ್ತಿರಬಾರದು. ಒಂದೇ ನಂಬರು ಎರಡನ್ನೂ ಮಾಡಲಾರದು. 2009ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೆಸಾಂಡ್ರೊ ಅಕ್ವಿಸ್ತಿ ಮತ್ತು ರಾಲ್ಫ್ ಗ್ರಾಸ್ ಈ ಗುಟ್ಟು ಎಷ್ಟು ತೆಳುವಾದದ್ದು ಎಂದು ತೋರಿಸಿಕೊಟ್ಟರು. ಹುಟ್ಟಿದ ರಾಜ್ಯ ಮತ್ತು ತಾರೀಕು ಗೊತ್ತಿದ್ದರೆ ಸಾಕು, ಸತ್ತವರ ಸಾರ್ವಜನಿಕ ದಾಖಲೆಗಳಲ್ಲಿನ ನಂಬರುಗಳ ಜಾಡು ಹಿಡಿದು ಬದುಕಿರುವವರ ನಂಬರನ್ನು ಅಂಕಿ ಅಂಕಿಯಾಗಿ ಊಹಿಸುವ ದಾರಿಯಿದೆ ಎಂದು ಅವರು ವಿವರಿಸಿದರು. ನಂಬರುಗಳನ್ನು ರಾಜ್ಯವಾರು, ಸರದಿಯಂತೆ ಹಂಚುತ್ತಿದ್ದುದೇ ಇದಕ್ಕೆ ಕಾರಣ. 2011ರ ಜೂನ್‌ನಿಂದ ಸರ್ಕಾರ ಆ ಕ್ರಮ ಬಿಟ್ಟು ಯಾದೃಚ್ಛಿಕವಾಗಿ ಹಂಚತೊಡಗಿತು. ಆದರೆ ಅದಕ್ಕೂ ಮೊದಲು ಹುಟ್ಟಿದ ಕೋಟ್ಯಂತರ ಜನರ ನಂಬರು ಹಳೆಯದೇ. 2017ರಲ್ಲಿ ಇಕ್ವಿಫ್ಯಾಕ್ಸ್ ಎಂಬ ಸಾಲಮಾಹಿತಿ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರಗಳು ಸೋರಿಹೋದಾಗ ಉಳಿದಿದ್ದ ಗುಟ್ಟೂ ಬಹುಪಾಲು ಬಯಲಾಯಿತು.

ಗೊತ್ತಿರುವ ವಿಷಯ ಕೇಳಿ ಗುರುತು ಪರೀಕ್ಷಿಸುವುದು ಹೀಗೆ ಸೋತ ಮೇಲೆ ಉಳಿಯುವುದು ಇನ್ನೊಂದು ದಾರಿ: ಕಳ್ಳನ ಕೈಯಲ್ಲಿ ಇರಲಾರದ ಇನ್ನೊಂದು ಮಾಧ್ಯಮದ ಮೂಲಕ ಕೇಳುವುದು. ವಿಳಾಸ ಬದಲಾವಣೆಯ ಅರ್ಜಿ ಬಂದ ಕೂಡಲೇ ಅಮೆರಿಕದ ಅಂಚೆ ಎರಡು ಕಡೆಗೆ ಕಾಗದ ಹಾಕುತ್ತದೆ. ಹೊಸ ವಿಳಾಸಕ್ಕೆ ಹೋಗುವುದು ಖಾತ್ರಿಪತ್ರ. ಹಳೆಯ ವಿಳಾಸಕ್ಕೆ ಹೋಗುವುದು ಬೇರೆಯದು: ನಿಮ್ಮ ಹೆಸರಿನ ಟಪಾಲನ್ನು ಬೇರೆಡೆಗೆ ತಿರುಗಿಸಲು ಅರ್ಜಿ ಬಂದಿದೆ, ಕೇಳಿದವರು ನೀವಲ್ಲದಿದ್ದರೆ ತಿಳಿಸಿ. ಹೊಸ ವಿಳಾಸದ ಕಾಗದದಿಂದ ಕಳ್ಳತನ ಪತ್ತೆಯಾಗುವುದಿಲ್ಲ, ಏಕೆಂದರೆ ಅದನ್ನು ತೆರೆಯುವವನೇ ಕಳ್ಳ. ಕೆಲಸಕ್ಕೆ ಬರುವುದು ಹಳೆಯ ವಿಳಾಸದ ಕಾಗದ ಒಂದೇ. ಒಬ್ಬ ವ್ಯಕ್ತಿ ಇನ್ನೆಲ್ಲೋ ಇದ್ದಾನೆ ಎಂದು ಯಾರೋ ಹೇಳಿದಾಗ, ಅವನು ಇದುವರೆಗೆ ಎಲ್ಲಿದ್ದನೆಂದು ಎಲ್ಲರಿಗೂ ತಿಳಿದಿತ್ತೋ ಆ ಜಾಗದಲ್ಲೇ ಹೋಗಿ ಕೇಳಬೇಕು.

ಇದೇ ತತ್ವ ಕಾನೂನಿಗೂ ಇಳಿದಿದೆ. 2003ರಲ್ಲಿ ಅಮೆರಿಕದ ಸಂಸತ್ತು ಸಾಲಮಾಹಿತಿಯ ಕಾಯ್ದೆಗೆ ತಿದ್ದುಪಡಿ ತಂದಾಗ ಎರಡು ಅಂಶಗಳನ್ನು ಸೇರಿಸಿತು. ಸಾಲದ ಅರ್ಜಿಯಲ್ಲಿರುವ ವಿಳಾಸ, ಸಾಲಮಾಹಿತಿ ಸಂಸ್ಥೆಯ ಕಡತದಲ್ಲಿರುವ ವಿಳಾಸ ಎರಡೂ ಗಣನೀಯವಾಗಿ ಬೇರೆಯಾಗಿದ್ದರೆ ಆ ಸಂಸ್ಥೆ ಬ್ಯಾಂಕಿಗೆ ಅದನ್ನು ಹೇಳಲೇಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಕಾರ್ಡುದಾರರು ವಿಳಾಸ ಬದಲಾಯಿಸಿದರು, ಅದರ ಬೆನ್ನಿಗೇ ಇನ್ನೊಂದು ಕಾರ್ಡು ಬೇಕೆಂದರು ಎಂದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಹಜ ಬೇಡಿಕೆಗಳೇ. ಒಂದರ ಹಿಂದೊಂದು ಬಂದಾಗ ಮಾತ್ರ ಅಪಾಯದ ವಾಸನೆ. ಆದ್ದರಿಂದ ಕನಿಷ್ಠ ಮೊದಲ 30 ದಿನಗಳೊಳಗೆ ಹೀಗಾದರೆ ಹಳೆಯ ವಿಳಾಸಕ್ಕೆ ತಿಳಿಸದೆ, ಅಥವಾ ಬೇರೆ ನಂಬಲರ್ಹ ದಾರಿಯಲ್ಲಿ ಖಚಿತಪಡಿಸಿಕೊಳ್ಳದೆ, ಬ್ಯಾಂಕು ಹೊಸ ಕಾರ್ಡು ಕಳಿಸುವಂತಿಲ್ಲ. ಎರಡು ಘಟನೆಗಳ ನಡುವಿನ ಅಂತರವೇ ಇಲ್ಲಿ ಸುಳಿವು. ಈ ನಿಯಮವನ್ನು ಬರೆದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಪ್ರಾಮಾಣಿಕ ಗ್ರಾಹಕನಿಗೆ ಹೆಚ್ಚೇನೂ ತೊಂದರೆ ಕೊಡದೆ ಕಳ್ಳನಿಗೆ ಅತಿ ಮುಖ್ಯವಾದ ಹೆಜ್ಜೆಯನ್ನೇ ಅವರು ಹಿಡಿದಿದ್ದಾರೆ.

ಇಷ್ಟೆಲ್ಲ ಕಾಗದ ಬರೆಯುವ ಬದಲು ಕಂಪ್ಯೂಟರಿಗೇ ಕಳ್ಳ ಅರ್ಜಿಗಳನ್ನು ಗುರುತಿಸಲು ಕಲಿಸಬಾರದೇ ಎಂದು ಈಗಿನ ಓದುಗರು ಕೇಳುತ್ತಾರೆ. ಕಲಿಸಬಹುದು, ಕಲಿಸಿದ್ದಾರೆ ಕೂಡ. ಆದರೆ ಒಂದು ಸರಳ ಲೆಕ್ಕ ಅಡ್ಡ ಬರುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ವಿಳಾಸ ಬದಲಾವಣೆಯ ಅರ್ಜಿಗಳು ಬರುತ್ತವೆ. ಲೆಕ್ಕಕ್ಕೆಂದು ಮೂರು ಕೋಟಿ ಎಂದೇ ಹಿಡಿಯೋಣ. ಅವುಗಳಲ್ಲಿ 30,000 ಕಳ್ಳ ಅರ್ಜಿಗಳು, ಅಂದರೆ ಸಾವಿರಕ್ಕೊಂದು ಎಂದುಕೊಳ್ಳೋಣ. ಕಳ್ಳ ಅರ್ಜಿಗಳಲ್ಲಿ ನೂರಕ್ಕೆ 99ನ್ನು ಹಿಡಿಯುವ, ಒಳ್ಳೆಯ ಅರ್ಜಿಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುವ ಅತ್ಯುತ್ತಮ ಯಂತ್ರ ನಮ್ಮಲ್ಲಿದೆ ಎನ್ನೋಣ. ಅದು 29,700 ಕಳ್ಳ ಅರ್ಜಿಗಳನ್ನು ಹಿಡಿಯುತ್ತದೆ. ಜೊತೆಗೆ ಉಳಿದ 2,99,70,000 ಪ್ರಾಮಾಣಿಕ ಅರ್ಜಿಗಳಲ್ಲಿ ನೂರಕ್ಕೊಂದರಂತೆ 2,99,700 ಅರ್ಜಿಗಳನ್ನೂ ಹಿಡಿಯುತ್ತದೆ. ಯಂತ್ರ ಬೆರಳು ತೋರಿಸಿದ ಪ್ರತಿ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ನಿರಪರಾಧಿಗಳು. ಹೊಸ ಊರಿಗೆ ಬಂದು ಔಷಧಿಯ ಪಾರ್ಸೆಲ್ಲಿಗೆ ಕಾಯುತ್ತಿರುವವರು, ಡೈವೋರ್ಸಾಗಿ ಮನೆ ಬಿಟ್ಟವರು, ಓದಲು ಹೊರಟ ಹುಡುಗರು ಇವರೆಲ್ಲ ಆ ಹತ್ತರಲ್ಲಿ ಇರುತ್ತಾರೆ. ಕಳ್ಳತನ ಅಪರೂಪವಾಗಿರುವುದೇ ಯಂತ್ರಕ್ಕೆ ಶತ್ರು. ಅಪರೂಪದ ಕಾಯಿಲೆಗೆ ಊರಿಗೆಲ್ಲ ರಕ್ತಪರೀಕ್ಷೆ ಮಾಡಿಸಿದರೆ ಎದುರಾಗುವುದೂ ಇದೇ ಲೆಕ್ಕ.

ಹಳೆಯ ವಿಳಾಸದ ಕಾಗದ ಈ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಅದು ಊಹಿಸುವುದಿಲ್ಲ, ಕೇಳುತ್ತದೆ. ತಾನು ಮನೆ ಬದಲಾಯಿಸಿದೆನೋ ಇಲ್ಲವೋ ಎಂಬುದು ಆ ವ್ಯಕ್ತಿಗೆ ಸಂಭವನೀಯತೆಯ ಪ್ರಶ್ನೆಯಲ್ಲ. ಅವರಿಗೆ ಗೊತ್ತು. ಯಾವ ಯಂತ್ರಕ್ಕೂ ಇಲ್ಲದ ಖಚಿತತೆ ಅಲ್ಲಿದೆ, ಖರ್ಚು ಒಂದು ಲಕೋಟೆಯದು. ಹಾಗಾಗಿಯೇ ವಿಳಾಸ ಬದಲಾವಣೆಯ ಕಾವಲಿನಲ್ಲಿ ಕೊನೆಯ ಕೆಲಸ ಮನೆಯ ಯಜಮಾನರದೇ ಎಂದು ನಾನು ಮತ್ತೆ ಮತ್ತೆ ಒತ್ತಿ ಹೇಳುತ್ತೇನೆ.

ಹಾಗೆಂದು ಆ ಕಾಗದ ಎಲ್ಲರನ್ನೂ ಕಾಯುತ್ತದೆ ಎಂದಲ್ಲ. ಅದು ತಲುಪುವುದಕ್ಕೆ ಕೆಲವು ದಿನ ಬೇಕು. ಆ ದಿನಗಳಲ್ಲಿ ಒಂದು ಚೆಕ್ಕು ಕೈಬಿಟ್ಟು ಹೋಗಬಹುದು. ನೋಡಲು ಜಾಹೀರಾತಿನ ಲಕೋಟೆಯಂತಿದ್ದರೆ ತೆರೆಯದೆಯೇ ಕಸಕ್ಕೆ ಸೇರಬಹುದು. ಆಸ್ಪತ್ರೆಯಲ್ಲಿರುವವರು, ವೃದ್ಧಾಶ್ರಮ ಸೇರಿದವರು, ತೀರಿಕೊಂಡವರು ಅದನ್ನು ಓದಲಾರರು. ಕೆಲವೊಮ್ಮೆ ಕಳ್ಳ ಅದೇ ಮನೆಯಲ್ಲಿರುತ್ತಾನೆ, ಲೆಟರ್ ಬಾಕ್ಸಿನ ಬೀಗದ ಕೈ ಅವನ ಬಳಿಯೇ ಇರುತ್ತದೆ. ಈ ಕೊನೆಯ ಬಗೆಗೆ ಅಂಚೆ ಇಲಾಖೆಯ ಬಳಿ ಮದ್ದಿಲ್ಲ.

ಈ ಕೊರತೆಗಳಲ್ಲಿ ಕೆಲವನ್ನು ತುಂಬಲು ಬಂದದ್ದು 'ಇನ್‌ಫಾರ್ಮ್ಡ್ ಡೆಲಿವರಿ' ಎಂಬ ಉಚಿತ ಸೇವೆ, 2017ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದ್ದು. ವಿಂಗಡಣೆಯ ಯಂತ್ರ ವಿಳಾಸ ಓದಲು ಹೇಗೂ ಲಕೋಟೆಯ ಹೊರಮೈಯ ಚಿತ್ರ ತೆಗೆಯುತ್ತದೆ. ಅದೇ ಚಿತ್ರವನ್ನು ಬೆಳಿಗ್ಗೆ ಮನೆಯವರಿಗೆ ಇಮೇಲ್ ಮಾಡಿದರೆ ಇವತ್ತು ಏನೇನು ಬರುತ್ತದೆಂದು ಅವರಿಗೆ ಮೊದಲೇ ತಿಳಿಯುತ್ತದೆ. ಚಿತ್ರದಲ್ಲಿ ಕಂಡದ್ದು ಲೆಟರ್ ಬಾಕ್ಸಿನಲ್ಲಿ ಇಲ್ಲದಿದ್ದರೆ ದಾರಿಯಲ್ಲೇನೋ ಆಗಿದೆ ಎಂದರ್ಥ. ಇಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದ ಗೈರುಹಾಜರಿ ಈಗ ಬರಿಗಣ್ಣಿಗೆ ಕಾಣುತ್ತದೆ. ಉಪಾಯ ಸೊಗಸಾಗಿದೆ. ಆದರೆ ಅದಕ್ಕೆ ನೋಂದಾಯಿಸಿಕೊಳ್ಳುವಾಗಲೂ ಗುರುತು ಪರೀಕ್ಷಿಸಲು ಅದೇ ಸವೆದ ಪ್ರಶ್ನೆಗಳನ್ನು ಬಳಸುತ್ತಿದ್ದರು. 2018ರ ನವೆಂಬರಿನಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ ತನ್ನ ಸಹವರ್ತಿ ಸಂಸ್ಥೆಗಳಿಗೆ ಒಂದು ಎಚ್ಚರಿಕೆ ಕಳಿಸಿತು. ಬೇರೆಯವರ ಹೆಸರಿನಲ್ಲಿ ಈ ಸೇವೆಗೆ ನೋಂದಾಯಿಸಿಕೊಂಡು, ಅವರ ಹೆಸರಿಗೇ ಕ್ರೆಡಿಟ್ ಕಾರ್ಡ್ ತರಿಸಿ, ಕಾರ್ಡು ಬರುವ ದಿನವನ್ನು ಚಿತ್ರದಲ್ಲಿ ನೋಡಿಕೊಂಡು ಲೆಟರ್ ಬಾಕ್ಸಿನಿಂದ ಎಗರಿಸಿದ ಪ್ರಕರಣ ಮಿಶಿಗನ್ನಿನಲ್ಲಿ ಸಿಕ್ಕಿತ್ತು. ಕಾವಲಿಗೆಂದು ಇಟ್ಟ ಕಣ್ಣಿನಿಂದ ಕಳ್ಳ ನೋಡಿದ್ದ. ನೀವು ಆ ಸೇವೆಗೆ ಸೇರಿಕೊಳ್ಳದಿದ್ದರೆ ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ಸೇರಿಕೊಂಡಾನು. ಅದಕ್ಕೇ ಮೊದಲೇ ಸೇರಿ ಜಾಗ ಹಿಡಿದುಕೊಳ್ಳಿ ಎಂದು ಭದ್ರತಾ ತಜ್ಞರು ಹೇಳುವುದು.

ಇದರ ಜೊತೆಗೆ ಇನ್ನೊಂದು ಬೀಗವಿದೆ, ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಡುವುದು ಅದೇ. ನನ್ನ ಸಾಲದ ಕಡತವನ್ನು ಹೊಸದಾಗಿ ಸಾಲ ಕೊಡುವ ಸಂಸ್ಥೆಗಳಿಗೆ ತೋರಿಸಬೇಡಿ ಎಂದು ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರಕ್ಕೂ ಹೇಳಿಡುವ ಸೌಲಭ್ಯ. 2018ರ ಸೆಪ್ಟೆಂಬರ್ 21ರಿಂದ ಇಡೀ ಅಮೆರಿಕದಲ್ಲಿ ಇದು ಪುಕ್ಕಟೆ. ಕಡತ ಮುಚ್ಚಿದ್ದರೆ ಟಪಾಲು ಕದ್ದವನಿಗೂ ನಿಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟುವುದು ಕಷ್ಟ. ನಿಮಗೇ ಸಾಲ ಬೇಕಾದಾಗ ಆನ್‌ಲೈನಿನಲ್ಲೇ ತೆರೆದು, ಮತ್ತೆ ಮುಚ್ಚಬಹುದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ವಿಷಯ ದೂರದ ಸುದ್ದಿಯಲ್ಲ. ಆ ದೇಶದವರೇ ಈಗ ಹಿಂದಿನಷ್ಟು ಮನೆ ಬದಲಾಯಿಸುವುದಿಲ್ಲ. 1950ರ ಆಸುಪಾಸಿನಲ್ಲಿ ವರ್ಷಕ್ಕೆ ಐವರಲ್ಲೊಬ್ಬರು ಮನೆ ಬದಲಾಯಿಸುತ್ತಿದ್ದರೆ ಈಗ ಹತ್ತರಲ್ಲೊಬ್ಬರೂ ಇಲ್ಲ. ಎಚ್-1ಬಿ ವೀಸಾದ ಮೇಲೆ ಹೋದವರ ಕಥೆ ಬೇರೆ. ಪ್ರಾಜೆಕ್ಟ್ ಮುಗಿದರೆ ಊರು ಬದಲು, ಬಾಡಿಗೆ ಏರಿದರೆ ಅಪಾರ್ಟ್‌ಮೆಂಟ್ ಬದಲು, ಮಗುವಿನ ಸ್ಕೂಲಿಗೆ ಬಡಾವಣೆ ಬದಲು. ಮನೆ ಬದಲಾಯಿಸಿದ 10 ದಿನಗಳೊಳಗೆ ವಲಸೆ ಇಲಾಖೆಗೂ ತಿಳಿಸುವುದು ಕಾನೂನಿನ ಕಟ್ಟುಪಾಡು. ಎಆರ್-11 ಎಂಬ ಅರ್ಜಿ ಇರುವುದು ಅದಕ್ಕೇ. ಅಂಚೆ ಇಲಾಖೆಗೆ ಹೇಳಿದ್ದೇನೆ, ಸಾಕು ಎಂದುಕೊಂಡವರು ಇಲ್ಲಿ ಎಡವುತ್ತಾರೆ. ವಲಸೆ ಇಲಾಖೆಯ ಮುಖ್ಯ ಕಾಗದಗಳನ್ನು ಅಂಚೆಯವರು ಹೊಸ ವಿಳಾಸಕ್ಕೆ ತಿರುಗಿಸುತ್ತಾರೆಂಬ ಭರವಸೆಯಿಲ್ಲ. ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡ್ ಹಳೆಯ ಅಪಾರ್ಟ್‌ಮೆಂಟಿನ ಬಾಗಿಲಿಗೆ ಹೋಗಿ ವಾಪಸಾಗಬಹುದು, ಅಥವಾ ಅಲ್ಲಿಗೆ ಹೊಸದಾಗಿ ಬಂದವರ ಕೈ ಸೇರಬಹುದು. ಅಂಚೆ, ವಲಸೆ ಇಲಾಖೆ, ಬ್ಯಾಂಕು, ಕಾರ್ಡು, ವಿಮೆ, ಕೆಲಸ ಕೊಟ್ಟ ಕಂಪನಿ ಎಲ್ಲಕ್ಕೂ ಬೇರೆಬೇರೆಯಾಗಿಯೇ ತಿಳಿಸಬೇಕು.

ತಿರುಗಿಸುವ ಸೇವೆಗೂ ಅವಧಿಯಿದೆ. ಸಾಮಾನ್ಯ ಕಾಗದಗಳು ಪುಕ್ಕಟೆಯಾಗಿ ಹಿಂಬಾಲಿಸುವುದು 12 ತಿಂಗಳು, ಪತ್ರಿಕೆಗಳು 60 ದಿನ. ಆಮೇಲೆ ಬರುವ ಸಾಮಾನ್ಯ ಕಾಗದಗಳು ಕಳಿಸಿದವರಿಗೇ ಮರಳುತ್ತವೆ. ನಾಲ್ಕಾರು ಹುಡುಗರು ಸೇರಿ ಬಾಡಿಗೆಗಿದ್ದು, ವಿಳಾಸ ಬದಲಾವಣೆಯ ಅರ್ಜಿಯನ್ನೇ ಹಾಕದೆ ಒಬ್ಬೊಬ್ಬರೇ ಬಿಟ್ಟು ಹೋಗುವ ಮನೆಗಳಲ್ಲಿ ಹಳೆಯ ಹೆಸರುಗಳಿಗೆ ಬರುವ ಲಕೋಟೆಗಳ ರಾಶಿ ಅಡಿಗೆಮನೆಯ ಕಟ್ಟೆಯ ಮೇಲೆ ಬೆಳೆಯುತ್ತಿರುತ್ತದೆ. ಅದರಲ್ಲಿ ಸಾಲದ ಆಹ್ವಾನಪತ್ರಗಳಿರುತ್ತವೆ, ತೆರಿಗೆಯ ಚೀಟಿಗಳಿರುತ್ತವೆ. ಹೋದವರು ಕೇಳುವುದಿಲ್ಲ, ಇರುವವರು ಕಳಿಸುವುದಿಲ್ಲ. ಯಾವ ಅರ್ಜಿಯೂ ಬೇಕಿಲ್ಲದ ಕಳ್ಳತನಕ್ಕೆ ಇದಕ್ಕಿಂತ ಸುಲಭದ ಜಾಗ ಸಿಗಲಾರದು.

ನೀವು ಕೇಳದೆಯೇ ಹಳೆಯ ವಿಳಾಸಕ್ಕೆ ಅಂಚೆಯ ಆ ಎಚ್ಚರಿಕೆಯ ಕಾಗದ ಬಂದರೆ ಮೊದಲು ಅಂಚೆ ಇಲಾಖೆಗೆ ತಿಳಿಸಿ ಅರ್ಜಿ ರದ್ದು ಮಾಡಿಸಬೇಕು. ಅದೇ ದಿನ ಮೂರೂ ಸಂಸ್ಥೆಗಳಲ್ಲಿ ಸಾಲದ ಕಡತ ಮುಚ್ಚಿಸಬೇಕು. ನಂತರ ಕಾರ್ಡು ಕಂಪನಿ, ಬ್ಯಾಂಕುಗಳಿಗೆ ಕರೆ ಮಾಡಿ ಅವರ ಕಡತದಲ್ಲಿರುವ ವಿಳಾಸವನ್ನು ಓದಿ ಹೇಳಲು ಕೇಳಬೇಕು. ಸುಳ್ಳು ವಿಳಾಸ ಅಂಚೆಯಿಂದ ಮುಂದಕ್ಕೆ ಹಬ್ಬಿದೆಯೇ ಎಂದು ತಿಳಿಯುವುದು ಈ ಕೊನೆಯ ಹೆಜ್ಜೆಯಲ್ಲೇ, ಜನ ಬಿಟ್ಟುಬಿಡುವುದೂ ಇದನ್ನೇ.

ಇಂಡಿಯಾದಲ್ಲಿ ಅಂಚೆ ವಿಳಾಸದ ಜಾಗಕ್ಕೆ ಬಂದು ಕುಳಿತಿರುವುದು ಮೊಬೈಲ್ ನಂಬರ್. ಬ್ಯಾಂಕು ನಮಗೆ ಗುಟ್ಟಾಗಿ ಏನಾದರೂ ಹೇಳಬೇಕಾದರೆ ಹೇಳುವುದು ಅಲ್ಲಿಗೆ, ಒಟಿಪಿ ಬರುವುದು ಅಲ್ಲಿಗೆ. ಆದ್ದರಿಂದ ಕಳ್ಳ ತಿರುಗಿಸಿಕೊಳ್ಳಲು ನೋಡುವುದೂ ಅದನ್ನೇ: ಸಿಮ್ ಕಳೆದುಹೋಗಿದೆ ಎಂದು ಸುಳ್ಳು ಹೇಳಿ ನಿಮ್ಮ ನಂಬರಿನ ಬದಲಿ ಸಿಮ್ ಪಡೆಯುತ್ತಾನೆ. ನಿಮ್ಮ ಫೋನಿನಲ್ಲಿ ಸಿಗ್ನಲ್ ಹೋಗುತ್ತದೆ. ನೆಟ್‌ವರ್ಕ್ ತೊಂದರೆ ಇರಬೇಕೆಂದು ನೀವು ಸುಮ್ಮನಿರುತ್ತೀರಿ. ಅಂಚೆಯ ಮೌನದ ಹೊಸ ರೂಪ ಇದು, ಈ ಸಲ ಕಳ್ಳನಿಗೆ ಬೇಕಾದದ್ದು ಕೆಲವೇ ಗಂಟೆ. ಇಲ್ಲಿಯ ತಡೆಗಳೂ ಅದೇ ತತ್ವದ ಮೇಲೆ ನಿಂತಿವೆ. ಬದಲಿ ಸಿಮ್ ಕೊಟ್ಟ ಮೇಲೆ 24 ಗಂಟೆ ಅದಕ್ಕೆ ಎಸ್‌ಎಂಎಸ್ ಬಾರದಂತೆ ತಡೆಯಿರಿ ಎಂದು ಕೇಂದ್ರದ ದೂರಸಂಪರ್ಕ ಇಲಾಖೆ 2022ರಲ್ಲಿ ಕಂಪನಿಗಳಿಗೆ ಹೇಳಿತು. ಬದಲಿ ಸಿಮ್ ಪಡೆದ 7 ದಿನಗಳೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಎಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅಮೆರಿಕದ 30 ದಿನಗಳ ನಿಯಮದ ಹತ್ತಿರದ ಸಂಬಂಧಿಗಳು ಇವೆರಡೂ. ಬದಲಾವಣೆ ಆದ ಕೂಡಲೇ ಅದರ ಮೇಲೆ ಇನ್ನೊಂದು ಬದಲಾವಣೆ ಕಟ್ಟಲು ಬಿಡುವುದಿಲ್ಲ. ಕಾರಣವಿಲ್ಲದೆ ಸಿಗ್ನಲ್ ಹೋಗಿ ಮನೆಯ ಉಳಿದವರ ಫೋನಿನಲ್ಲಿ ಸಿಗ್ನಲ್ ಇದ್ದರೆ ತಕ್ಷಣ ಅವರ ಫೋನಿನಿಂದಲೇ ಕಂಪನಿಗೆ, ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ಎರಡೂ ದೇಶಗಳಲ್ಲಿ ಖಾತೆ ಇಟ್ಟುಕೊಂಡಿರುವವರು ಎರಡು ಕಡೆಯ ಕಾವಲನ್ನೂ ಕಾಯಬೇಕು. ಮೈಸೂರಿನಲ್ಲೋ ಹಾಸನದಲ್ಲೋ ಅಮ್ಮನ ಬೀರುವಿನಲ್ಲಿ ಮಗನ ಹಳೆಯ ಸಿಮ್ ಇರುತ್ತದೆ. ಊರಿನ ಬ್ಯಾಂಕ್ ಖಾತೆ, ಆಧಾರ್ ಎಲ್ಲ ಅದೇ ನಂಬರಿಗೆ. ರೀಚಾರ್ಜ್ ಮರೆತುಹೋದರೆ ಕೆಲ ಕಾಲದ ಮೇಲೆ ನಂಬರು ಸ್ಥಗಿತವಾಗುತ್ತದೆ. ಸ್ಥಗಿತವಾದ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಹಾಗೆ ಪಡೆದುಕೊಂಡವರು ಕಳ್ಳರೇನಲ್ಲ, ಅಂಗಡಿಯಲ್ಲಿ ಹೊಸ ಸಿಮ್ ಕೊಂಡವರು. ಆದರೂ ಮಗನ ಖಾತೆಯ ಒಟಿಪಿ ಇನ್ನು ಬರುವುದು ಅವರ ಫೋನಿಗೆ. ಆದ್ದರಿಂದ ಆ ನಂಬರನ್ನು ಬಿಡುವುದಾದರೆ ಮುಂದಿನ ಸಲ ಊರಿಗೆ ಬಂದಾಗ ಮೊದಲು ಬ್ಯಾಂಕಿಗೆ ಹೋಗಿ ಹೊಸ ನಂಬರು ಸೇರಿಸಬೇಕು, ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ಅಲ್ಲಿಯೂ ಬದಲಾಯಿಸಬೇಕು. ಎರಡೂ ಕಡೆಯಿಂದ ಖಾತ್ರಿಯ ಸಂದೇಶ ಬರುವ ತನಕ ಬೀರುವಿನ ಸಿಮ್ಮಿಗೆ ರೀಚಾರ್ಜ್ ಮಾಡಿಸುತ್ತಿರಲು ಅಮ್ಮನಿಗೆ ಹೇಳಿ ಹೋಗಬೇಕು.